ಹೊಲಿಗೆಯಿಲ್ಲದೆ ಗಾಯ ಕೂಡಿಸುವ ಬಗೆ

ಗಾಯವನ್ನು ಮಾಯಿಸುವುದು ವೈದ್ಯನಲ್ಲ, ದೇಹವೇ. ಸೀಳಿದ ಚರ್ಮದ ಅಂಚುಗಳನ್ನು ಶುಚಿಮಾಡಿ, ಒಂದಕ್ಕೊಂದು ತಾಗಿಸಿ, ಅವು ಬೆಸೆದುಕೊಳ್ಳುವವರೆಗೆ ಅಲುಗದಂತೆ ಹಿಡಿದಿಡುವುದಷ್ಟೇ ವೈದ್ಯನ ಕೆಲಸ. ಸೂಜಿದಾರವು ಹಾಗೆ ಹಿಡಿದಿಡುವ ಸಾಧನಗಳಲ್ಲಿ ಒಂದು ಮಾತ್ರ. ಈ ಮಾತಿಗೆ ಒಳ್ಳೆಯ ನಿದರ್ಶನವೊಂದು ನಮ್ಮ ಶ್ರೀರಂಗಪಟ್ಟಣದ ಚರಿತ್ರೆಯೊಡನೆ ಹೆಣೆದುಕೊಂಡಿದೆ.

1792ರಲ್ಲಿ ಮುಗಿದ ಮೂರನೆಯ ಮೈಸೂರು ಯುದ್ಧದಲ್ಲಿ ಕಾವಸ್‌ಜಿ ಎಂಬಾತನು ಇಂಗ್ಲಿಷರ ಸೇನೆಯ ಎತ್ತುಗಳನ್ನು ಹೊಡೆಯುತ್ತಿದ್ದನು. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ ಅವನು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು, ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೇನೆಯನ್ನು ಬಂದು ಸೇರಿದನೆಂದು ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆಯು 1794ರ ಅಕ್ಟೋಬರಿನಲ್ಲಿ ಬರೆಯಿತು. ವರ್ಷಕ್ಕೂ ಮೇಲ್ಪಟ್ಟು ಮೂಗಿಲ್ಲದೆ ಬದುಕಿದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಹೊಸ ಮೂಗು ಕೂಡಿಸಿದನು. ಮೇಣದ ತೆಳುಹಾಳೆಯಿಂದ ಅಳತೆ ತೆಗೆದು, ಆ ಅಳತೆಗೆ ಹಣೆಯ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಸಣ್ಣ ತುಂಡನ್ನು ಮಾತ್ರ ಅಂಟಿಕೊಂಡಿರಲು ಬಿಟ್ಟು, ಉಳಿದುದನ್ನು ತಿರುವಿ ಮೂಗಿನ ಸ್ಥಾನಕ್ಕೆ ತಂದನು. ಕೊಯ್ತವೇನೋ ನಡೆಯಿತು, ಆದರೆ ಹೊಲಿಗೆ ಬೀಳಲಿಲ್ಲ. ಎಲೆಯಡಿಕೆಗೆ ಹಾಕಿಕೊಳ್ಳುವ ಕಾಚನ್ನು ನೀರಿನಲ್ಲಿ ಮೆದುಮಾಡಿ, ಬಟ್ಟೆಯ ಪಟ್ಟಿಗಳಿಗೆ ಬಳಿದು, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿದನು. ನಾಲ್ಕು ದಿನ ಅದೇ ಕಟ್ಟು; ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಈ ಭಾರತೀಯ ಕ್ರಮವನ್ನು ಅನುಸರಿಸಿ 1814ರಲ್ಲಿ ಲಂಡನ್ನಿನಲ್ಲಿ ಮೂಗನ್ನು ಕೂಡಿಸಿದನು.

ಕಾಚಿನ ಪಟ್ಟಿಯ ತತ್ತ್ವವೇ ಇಂದಿನ ಆಸ್ಪತ್ರೆಗಳಲ್ಲಿ ಬೇರೆ ರೂಪದಲ್ಲಿದೆ. ಮೊದಲನೆಯದು ಅಂಟುಪಟ್ಟಿ. ಒಣಗಿದ ಚರ್ಮದ ಮೇಲೆ ಗಾಯಕ್ಕೆ ಅಡ್ಡಲಾಗಿ, ನಡುನಡುವೆ ಸಂದು ಬಿಟ್ಟು ಇದನ್ನು ಅಂಟಿಸುತ್ತಾರೆ. ಎರಡನೆಯದು ಸಯನೋಅಕ್ರಿಲೇಟ್ ಜಾತಿಯ ಅಂಟು. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಎಂಬ ರಸಾಯನ ವಿಜ್ಞಾನಿಗೆ ಇದು ದೊರೆತಾಗ, ಮುಟ್ಟಿದುದಕ್ಕೆಲ್ಲ ಹತ್ತಿಕೊಳ್ಳುತ್ತದೆಂದು ಬದಿಗಿಟ್ಟರಂತೆ! ವಿಯೆಟ್ನಾಂ ಯುದ್ಧದಲ್ಲಿ ರಕ್ತ ನಿಲ್ಲಿಸಲು ಇದನ್ನು ಸಿಂಪಡಿಸಿದರು. ಚರ್ಮದ ಗಾಯ ಮುಚ್ಚುವ ಇಂಥ ಅಂಟಿಗೆ ಅಮೆರಿಕ ಸರ್ಕಾರ 1998ರಲ್ಲಿ ಒಪ್ಪಿಗೆ ನೀಡಿತು. ಚರ್ಮದ ತೇವ ತಗುಲಿದೊಡನೆ ಇದು ಗಟ್ಟಿಯಾಗುತ್ತದೆ. ಇದನ್ನು ಗಾಯದೊಳಗೆ ಸುರಿಯುವುದಿಲ್ಲ. ಅಂಚುಗಳನ್ನು ಕೂಡಿಸಿ ಹಿಡಿದು ಮೇಲೆ ಸವರುತ್ತಾರೆ. ಐದರಿಂದ ಹತ್ತು ದಿನಗಳಲ್ಲಿ ತಾನಾಗಿಯೇ ಉದುರುತ್ತದೆ. ತಲೆಯ ಸಣ್ಣ ಗಾಯವಾದರೆ ಎರಡು ಬದಿಯ ಕೂದಲನ್ನೇ ಹೊಸೆದು, ಒಂದು ತೊಟ್ಟು ಅಂಟು ಹಾಕುವ ಕ್ರಮವೂ ಉಂಟು.

ಇದರಿಂದ ನಮಗೇನು ಪ್ರಯೋಜನ? ಶ್ರೀರಂಗಪಟ್ಟಣ, ಪಾಂಡವಪುರಗಳ ಕಬ್ಬಿನ ಗದ್ದೆಗಳಲ್ಲಿ ಮಚ್ಚು, ಕೃಷ್ಣರಾಜಪೇಟೆ, ನಾಗಮಂಗಲಗಳ ರಾಗಿಯ ಹೊಲಗಳಲ್ಲಿ ಕುಡುಗೋಲು ಕೈಗೆ ತಗಲುವುದು ಹೊಸತಲ್ಲ. ಗಾಯಕ್ಕೆ ಕಾಫಿಪುಡಿ ಒತ್ತಿ, ಹಳೆಯ ಬಟ್ಟೆ ಸುತ್ತಿ ಕೆಲಸಕ್ಕೆ ನಡೆಯುವವರನ್ನು ನಾನು ಕಂಡಿದ್ದೇನೆ. ಹೊಲಿಗೆಯ ಭಯ ಒಂದು. ಹೊಲಿಗೆ ಬಿಚ್ಚಿಸಲು ಮತ್ತೊಂದು ದಿನದ ಕೂಲಿ ಹೋಗುವುದೆಂಬ ಚಿಂತೆ ಇನ್ನೊಂದು. ಸೂಜಿಯಿಲ್ಲದ ದಾರಿಯೂ ಇದೆಯೆಂದು ತಿಳಿದರೆ ಅವರಲ್ಲಿ ಕೆಲವರಾದರೂ ಹೊತ್ತು ಮೀರುವ ಮೊದಲೇ ಆಸ್ಪತ್ರೆಯ ಕಡೆಗೆ ಹೆಜ್ಜೆ ಹಾಕಿಯಾರು.

ಆದರೆ ಎಲ್ಲ ಗಾಯಕ್ಕೂ ಅಂಟು ಸಲ್ಲದು. ಅದು ಚಿಕ್ಕ, ನೇರವಾದ, ಶುಚಿಯಾದ ಗಾಯಕ್ಕೆ ಮಾತ್ರ ತಕ್ಕದ್ದು. ಮೊಣಕಾಲು, ಬೆರಳಿನ ಗೆಣ್ಣುಗಳಂತೆ ಸದಾ ಮಡಿಚುವ ಭಾಗಗಳಲ್ಲಿ ಅದು ಬಿಚ್ಚಿಕೊಳ್ಳಬಹುದು. ಆಳವಾದ ಗಾಯಕ್ಕೆ ಹೊಲಿಗೆಯೇ ಗತಿ. ನಾಯಿ ಕಚ್ಚಿದ ಗಾಯವನ್ನು ಅಂಟಿಸಿ ಮುಚ್ಚಲೇಬಾರದು. ಸಾಬೂನು ಹಚ್ಚಿ 15 ನಿಮಿಷ ತೊಳೆದು ಕೂಡಲೇ ವೈದ್ಯರ ಬಳಿ ಹೋಗಬೇಕು. ಅಂಗಡಿಯಲ್ಲಿ ಸಿಗುವ ಅಂಟು ಮೈಯನ್ನು ಸುಡುತ್ತದೆ. ಅದನ್ನು ಗಾಯಕ್ಕೆ ಹಾಕಕೂಡದು. ಹೊಲಿಗೆ ತಪ್ಪಿದರೂ ಧನುರ್ವಾಯುವಿನ ಚುಚ್ಚುಮದ್ದು ತಪ್ಪಬಾರದು.

ಯಾವ ಗಾಯಕ್ಕೆ ಯಾವ ಸಾಧನವೆಂದು ನಿರ್ಣಯಿಸುವವರು ವೈದ್ಯರು. ಹೆದರದೆ ಅವರ ಮುಂದೆ ಕೈ ಚಾಚುವಂತೆ ನಮ್ಮ ನಮ್ಮ ಮನೆಯವರಿಗೆ ತಿಳಿಹೇಳುವ ಹೊಣೆ, ಓದು ಕಲಿತ ನಮ್ಮದು.