ಮಣ್ಣಿನ ಕೈ, ಮಗುವಿನ ಕಣ್ಣು

ನಮ್ಮ ಮಕ್ಕಳು ನಾಯಿಮರಿ ಜೊತೆ ಮಣ್ಣಲ್ಲಿ ಆಡ್ತಾವೆ. ಮರಿಯ ಹೊಟ್ಟೆಯಲ್ಲಿ ದುಂಡುಹುಳು ಇರಬಹುದು. ಹುಳುವಿನ ಮೊಟ್ಟೆ ಮಲದ ಜೊತೆ ಮಣ್ಣು ಸೇರುತ್ತದೆ. ಅದು ನಮಗೆ ಕಾಣುವುದಿಲ್ಲ. ತಿಂಗಳುಗಟ್ಟಲೆ ಸಾಯುವುದೂ ಇಲ್ಲ.

ಮಣ್ಣಿನ ಕೈ ಬಾಯಿಗೆ ಹೋದರೆ ಮೊಟ್ಟೆ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಒಡೆದು ಮರಿಹುಳು ಬರುತ್ತದೆ. ರಕ್ತದಲ್ಲಿ ಹರಿದು ಕೆಲವು ಸಲ ಕಣ್ಣನ್ನೂ ಸೇರುತ್ತದೆ. ಕಣ್ಣಿನ ಒಳಗೆ, ಹಿಂದುಗಡೆ ಒಂದು ಪರದೆ ಇದೆ. ಅದೇ ಅಕ್ಷಿಪಟ. ಹುಳು ಅಲ್ಲಿ ಗಾಯ ಮಾಡುತ್ತದೆ. ನೋಟ ಕೆಡುತ್ತದೆ.

ಹೆಚ್ಚಾಗಿ ಕೆಡುವುದು ಒಂದೇ ಕಣ್ಣು. ಇನ್ನೊಂದು ಕಾಣುತ್ತದಲ್ಲ, ಮಗು ಹೇಳುವುದೇ ಇಲ್ಲ. ನಾವೇ ನೋಡೋಣ. ಒಂದು ಕಣ್ಣು ಮುಚ್ಚಿಸಿ, ಬೆರಳು ಎಷ್ಟು ಅಂತ ಕೇಳೋಣ. ಆಮೇಲೆ ಇನ್ನೊಂದು. ಮಬ್ಬಾದರೆ ಕೂಡಲೇ ಕಣ್ಣಿನ ಡಾಕ್ಟರಿಗೆ ತೋರಿಸೋಣ. ಹೋದ ನೋಟ ಮರಳುವುದು ಕಷ್ಟ.

ಮರಿಗೆ ಪಶು ಆಸ್ಪತ್ರೆಯಲ್ಲಿ ಹುಳುವಿನ ಔಷಧಿ ಕೊಡಿಸೋಣ. ಮಲವನ್ನು ಆಗಾಗಲೇ ತೆಗೆಯೋಣ. ಉಣ್ಣುವ ಮೊದಲು ಮಕ್ಕಳ ಕೈಯನ್ನು ಸೋಪು ಹಚ್ಚಿ ತೊಳೆಯೋಣ.