ಪ್ಲೇಗ್ರೂಪ್ ಬೇಕಿರುವುದು ಯಾರಿಗೆ?

ಪ್ರಶ್ನೆ: ಬೆಂಗಳೂರಿನ ಜೆ.ಪಿ. ನಗರದ ಏಳನೇ ಹಂತದಲ್ಲಿ ನಮ್ಮ ಫ್ಲ್ಯಾಟ್. ಮಗನಿಗೆ ಏಪ್ರಿಲ್‌ನಲ್ಲಿ ಎರಡು ವರ್ಷ ತುಂಬಿತು. ಅವನ ವಾರಿಗೆಯ ಮಕ್ಕಳೆಲ್ಲ ಪ್ಲೇಗ್ರೂಪ್ ಸೇರಿಯಾಯಿತು. ಪಾರ್ಕಿಗೆ ಕರೆದುಕೊಂಡು ಹೋದರೆ ಇವನು ಬೇರೆ ಮಕ್ಕಳ ಪಕ್ಕ ಕೂತು ತನ್ನಷ್ಟಕ್ಕೆ ತಾನು ಮಣ್ಣಾಡುತ್ತಾನೆ, ಯಾರೊಂದಿಗೂ ಬೆರೆಯುವುದಿಲ್ಲ. ‘ಅಪ್ಪ ಬಾ’, ‘ಬುವ್ವ ಬೇಡ’ ಎನ್ನುವಷ್ಟು ಮಾತು ಬರುತ್ತದೆ, ಇಂಗ್ಲಿಷ್ ಏನೂ ಇಲ್ಲ. ಈಗಲೇ ಸೇರಿಸದಿದ್ದರೆ ಮುಂದೆ ಒಳ್ಳೆ ಸ್ಕೂಲಿನಲ್ಲಿ ಸೀಟು ಸಿಗೋದು ಕಷ್ಟ ಅನ್ನುತ್ತಾರೆ ನನ್ನ ಗಂಡ. ಅಷ್ಟು ಚಿಕ್ಕ ಕೂಸನ್ನ ಯಾರದೋ ಕೈಗೆ ಕೊಡ್ತೀಯಾ ಅಂತ ತುಮಕೂರಿನಿಂದ ಅತ್ತೆ ದಿನಾ ಫೋನ್ ಮಾಡುತ್ತಾರೆ. ಕೆಲಸ ಬಿಟ್ಟು ಎರಡು ವರ್ಷವಾಯಿತು. ದಿನವಿಡೀ ಅವನೊಬ್ಬನ ಜೊತೆ ಇದ್ದು ನನಗೂ ಸಾಕಾಗಿದೆ, ಹಾಗನ್ನುವುದೇ ತಪ್ಪೇನೋ. ಒಂದು ಕಡೆ ಇಡೀ ವರ್ಷದ ಫೀಸು ಒಟ್ಟಿಗೆ ಕಟ್ಟಿ ಎನ್ನುತ್ತಿದ್ದಾರೆ. ಏನು ಮಾಡಲಿ?

ಒಬ್ಬ ತಾಯಿ, ಜೆ.ಪಿ. ನಗರ

ಉತ್ತರ: ಕಾಗದದ ತುಂಬ ಮಗನ ವಿಚಾರ ಬರೆದು, ನಿಮ್ಮ ವಿಚಾರವನ್ನು ಕೊನೆಯಲ್ಲಿ ಒಂದೆರಡು ಸಾಲಿಗೆ ಮುಗಿಸಿ, ಅದಕ್ಕೂ ತಪ್ಪೇನೋ ಎಂದು ಸೇರಿಸಿದ್ದೀರಿ. ನನಗೆ ಮುಖ್ಯವಾಗಿ ಕಂಡದ್ದು ಆ ಸಾಲುಗಳೇ. ಆದರೆ ಮಗುವಿನ ಮಾತು ಮೊದಲು ಮುಗಿಸೋಣ.

ಅವನು ಬೆರೆಯುವುದಿಲ್ಲ ಎನ್ನುತ್ತೀರಿ, ಹೋಗಿ ಕೂರುವುದು ಮಾತ್ರ ಮಕ್ಕಳ ಪಕ್ಕದಲ್ಲೇ! ಎರಡು ವರ್ಷದವರ ಆಟವೇ ಹಾಗೆ. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ಪುಟ್ಟ ಮಕ್ಕಳ ಆಟವನ್ನು ಗಮನಿಸಿ ಬರೆದಿಟ್ಟಿದ್ದಾರೆ: ಮೊದಲು ಒಂಟಿಯಾಗಿ, ಆಮೇಲೆ ಅಕ್ಕಪಕ್ಕ ಕೂತು ತಮ್ಮ ತಮ್ಮ ಆಟ, ಕೂಡಿ ಆಡುವುದು ಅದರ ನಂತರ. ನಿಮ್ಮ ಮಗ ಇರಬೇಕಾದ ಜಾಗದಲ್ಲೇ ಇದ್ದಾನೆ. ಮಾತೂ ಅಷ್ಟೇ, ಎರಡು ವರ್ಷಕ್ಕೆ ಎರಡು ಪದ ಜೋಡಿಸಿದರೆ ಸಾಕು. ಮನೆಯಲ್ಲಿ ಒಂದು ಭಾಷೆ, ಹೊರಗೆ ಇನ್ನೊಂದು ಎಂದರೆ ಮಾತು ತಡವಾಗುತ್ತದೆ ಎಂಬುದೂ ಸುಳ್ಳು. ಕನ್ನಡವನ್ನು ನಿಶ್ಚಿಂತೆಯಿಂದ ಆಡಿ.

ಈ ಕಾಗದ ಓದುವ ಬೇರೆ ತಾಯಂದಿರಿಗೆ ಒಂದು ಮಾತು. ಎರಡು ತುಂಬಿದರೂ ಪದ ಜೋಡಿಸದ, ಕರೆದರೆ ತಿರುಗಿ ನೋಡದ, ಬರುತ್ತಿದ್ದ ಮಾತು ನಿಂತುಹೋದ ಮಗುವನ್ನು ‘ಮಕ್ಕಳ ಜೊತೆ ಬಿಟ್ಟರೆ ಸರಿಹೋಗುತ್ತೆ’ ಎಂದು ಪ್ಲೇಗ್ರೂಪಿಗೆ ಸೇರಿಸಬೇಡಿ. ಅಲ್ಲಿ ಕಳೆಯುವ ಒಂದು ವರ್ಷ ದುಬಾರಿ. ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ, ಜಯನಗರದಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ.

ಇನ್ನು ನಿಮ್ಮ ಯಜಮಾನರ ಸೀಟಿನ ಚಿಂತೆ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು 2022ರಲ್ಲಿ ಆದೇಶವಾಯಿತು. ಪೋಷಕರ ಒತ್ತಾಯಕ್ಕೆ 2025-26ನೇ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿದ್ದೂ ಉಂಟು. ಹೇಗೇ ಲೆಕ್ಕ ಹಾಕಿದರೂ ನಿಮ್ಮ ಮಗನಿಗೆ ಒಂದನೇ ತರಗತಿ ಇನ್ನೂ ಸುಮಾರು ನಾಲ್ಕು ವರ್ಷ ದೂರ. ಮೂರು ತುಂಬುವ ಮೊದಲು ಕಲಿತ ಎ ಬಿ ಸಿ ಡಿ ಅಲ್ಲಿ ಯಾವ ಉಪಕಾರಕ್ಕೂ ಬರುವುದಿಲ್ಲ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಖಾಸಗಿ ಪ್ಲೇಸ್ಕೂಲುಗಳಿಗೆಂದು ರೂಪಿಸಿದ ಮಾರ್ಗಸೂಚಿಯಂತೂ ಮೂರರೊಳಗಿನ ಮಕ್ಕಳನ್ನು ಸೇರಿಸಿಕೊಳ್ಳಲೇಬಾರದು ಎನ್ನುತ್ತದೆ. ಬನಶಂಕರಿಯಿಂದ ಬಿಟಿಎಂವರೆಗೆ ಗೋಡೆಗೆ ಕಾರ್ಟೂನು ಬರೆಸಿಕೊಂಡ ಮನೆಗಳೆಷ್ಟಿವೆ, ಆ ಮಾರ್ಗಸೂಚಿಯನ್ನು ಓದಿದವರು ಎಷ್ಟು ಜನವೋ!

ಈಗ ನಿಮ್ಮ ವಿಚಾರ. ಪ್ಲೇಗ್ರೂಪ್ ಎಂಬುದು ಶುರುವಾದದ್ದೇ ತಾಯಂದಿರಿಂದ. 1961ರಲ್ಲಿ ಲಂಡನ್ನಿನ ಬೆಲ್ ಟುಟೇವ್ ಎಂಬಾಕೆ, ಮಗಳಿಗೆ ನರ್ಸರಿಯಲ್ಲಿ ಜಾಗ ಸಿಗದೆ, ನೆರೆಯ ತಾಯಂದಿರನ್ನು ಸೇರಿಸಿಕೊಂಡು ತಾವೇ ಮಕ್ಕಳನ್ನು ಆಡಿಸತೊಡಗಿದರು. ಗಾರ್ಡಿಯನ್ ಪತ್ರಿಕೆಗೆ ಅವರು ಬರೆದ ಒಂದು ಪತ್ರ ಓದಿ ಊರೂರಿನ ತಾಯಂದಿರು ಜೊತೆಗೂಡಿದರು, ಮರುವರ್ಷ ಸಂಘವೇ ಹುಟ್ಟಿತು. ಅಲ್ಲಿ ಅಮ್ಮಂದಿರೇ ಸರದಿಯ ಮೇಲೆ ನಿಂತು ನಡೆಸುತ್ತಿದ್ದರು. ಮಗುವಿಗೆ ಆಟ ಸಿಕ್ಕಿತು, ಅಮ್ಮನಿಗೆ ಜನ ಸಿಕ್ಕರು. ನಮ್ಮಲ್ಲಿ ಬಸವನಗುಡಿ, ಚಾಮರಾಜಪೇಟೆಯ ವಠಾರಗಳಲ್ಲಿ ಇದೇ ಕೆಲಸ ಹೆಸರಿಲ್ಲದೆ ನಡೆಯುತ್ತಿತ್ತು. ವಠಾರದಲ್ಲಿ ನಲ್ಲಿ ನೀರಿಗೆ ಜಗಳವೂ ಇತ್ತು, ಅದನ್ನು ಸ್ವರ್ಗ ಎನ್ನಲಾರೆ. ಆದರೆ ಎರಡು ವರ್ಷದ ಮಗುವನ್ನು ಹಗಲಿಡೀ ಒಬ್ಬಳೇ ನೋಡಿಕೊಳ್ಳುವ ಶಿಕ್ಷೆ ಅಲ್ಲಿ ಯಾವ ಹೆಂಗಸಿಗೂ ಇರಲಿಲ್ಲ. ನಿಮಗೆ ಸಾಕಾಗಿದೆ ಎನ್ನುವುದು ತಪ್ಪಲ್ಲ, ಸಹಜ. ಅತ್ತೆಗೂ ಅದನ್ನು ಹಾಗೇ ಹೇಳಿ. ಅವರೂ ಒಂದು ಕಾಲಕ್ಕೆ ಎಳೆಮಗುವಿನ ತಾಯಿಯೇ. ಬಹುಶಃ ನಾಲ್ಕು ದಿನ ಬಂದು ಇದ್ದಾರು.

ಹಾಗಾಗಿ ಎರಡು ದಾರಿ. ಮೊದಲನೆಯದಕ್ಕೆ ಖರ್ಚಿಲ್ಲ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಇನ್ನೂ ಪ್ಲೇಗ್ರೂಪಿಗೆ ಹೋಗದ ಎರಡು ಮೂರು ಮಕ್ಕಳಾದರೂ ಇರುತ್ತವೆ. ಆ ತಾಯಂದಿರ ಜೊತೆ ವಾರಕ್ಕೆ ಮೂರು ಬೆಳಿಗ್ಗೆ ಗೊತ್ತುಮಾಡಿಕೊಳ್ಳಿ, ಒಂದು ದಿನ ಒಬ್ಬರ ಮನೆ, ಇನ್ನೊಂದು ದಿನ ಪಾರ್ಕು. ಮಾಧವನ್ ಪಾರ್ಕೋ ಜೆ.ಪಿ. ನಗರದ ಮಿನಿ ಫಾರೆಸ್ಟೋ, ಯಾವುದಾದರೂ ಸರಿ. ಬಕೆಟ್ಟು, ಪಾತ್ರೆ, ನೀರು, ಮಣ್ಣು ಇದ್ದರೆ ಸಾಕು. ನಂಬಿಕೆ ಬೆಳೆದ ಮೇಲೆ ಒಬ್ಬರು ಆಡಿಸುವಾಗ ಮಿಕ್ಕವರು ಒಂದು ಗಂಟೆ ಹೊರಗೆ ಹೋಗಿಬರಬಹುದು.

ಎರಡನೆಯದು ಪ್ಲೇಗ್ರೂಪೇ. ನಿಮಗೆ ದಿನಕ್ಕೆ ಎರಡು ಮೂರು ಗಂಟೆ ಬೇಕೇ ಬೇಕು ಅನ್ನಿಸಿದರೆ ಸೇರಿಸಿ, ಆದರೆ ಅದನ್ನು ವಿದ್ಯಾಭ್ಯಾಸ ಎನ್ನಬೇಡಿ. ಜಾಗ ನೋಡಲು ಅವರು ಕರೆದ ದಿನ ಹೋಗದೆ, ಮಾಮೂಲು ದಿನ ಮಕ್ಕಳು ಮನೆಗೆ ಹೊರಡುವ ಹೊತ್ತಿಗೆ ಹೋಗಿ. ಸುಸ್ತಾದ ಮಕ್ಕಳ ಜೊತೆ ಆಂಟಿಯರು ಹೇಗಿದ್ದಾರೆ ಎಂಬುದು ಆಗ ತಿಳಿಯುತ್ತದೆ. ಬಹಳಷ್ಟು ಪ್ಲೇಗ್ರೂಪುಗಳು ಇರುವುದು ಬಾಡಿಗೆಗೆ ಹಿಡಿದ ಹಳೆಯ ಮನೆಗಳಲ್ಲಿ. ಮುಂದಿನ ಅಂಗಳದ ನೀರಿನ ಸಂಪಿನ ಮುಚ್ಚಳಕ್ಕೆ ಬೀಗವಿದೆಯೇ ಎಂದು ಮೊದಲು ನೋಡಿ. ಆಮೇಲೆ ಮಹಡಿ ಮೆಟ್ಟಿಲು, ಗೇಟಿನ ಚಿಲಕ. ಹತ್ತು ಮಕ್ಕಳಿಗೆ ಒಬ್ಬರಾದರೂ ದೊಡ್ಡವರಿರಬೇಕು. ಮೂರರೊಳಗಿನ ಮಕ್ಕಳ ವಿಷಯದಲ್ಲಿ ಪುಟ್ಟ ಮಕ್ಕಳ ಆರೈಕೆ ಮತ್ತು ಶಿಕ್ಷಣದ 2013ರ ರಾಷ್ಟ್ರೀಯ ನೀತಿ ಹೇಳುವುದೂ ಇದನ್ನೇ. ನಿಮ್ಮವನು ‘ಉಚ್ಚೆ’ ಎಂದರೆ ಅಲ್ಲಿನ ಆಯಾಗೆ ಅರ್ಥವಾಗುತ್ತದೆಯೇ? ಮೊದಲ ಒಂದೆರಡು ವಾರ ನೀವು ಒಳಗೆ ಕೂರಲು ಬಿಡುತ್ತಾರೆಯೇ? ‘ಅಳಲಿ ಬಿಡಿ, ಎರಡು ದಿನಕ್ಕೆ ಸರಿಹೋಗುತ್ತಾನೆ’ ಎನ್ನುವವರಾದರೆ ಬೇರೆ ಜಾಗ ಹುಡುಕಿ. ಬಿಟ್ಟು ಹೊರಡುವಾಗ ಕದ್ದು ಹೋಗದೆ, ಬರುವ ಹೊತ್ತು ಹೇಳಿಯೇ ಹೋಗಿ. ಮೊದಲ ಕೆಲವು ತಿಂಗಳು ನೆಗಡಿ, ಜ್ವರ ತಪ್ಪಿದ್ದಲ್ಲ.

ನನ್ನನ್ನು ಕೇಳಿದರೆ ಮೊದಲನೆಯದನ್ನು ದೀಪಾವಳಿಯವರೆಗೆ ನಡೆಸಿ ನೋಡಿ. ಆಮೇಲೂ ಪ್ಲೇಗ್ರೂಪ್ ಬೇಕೆನಿಸಿದರೆ ಸೀಟಿಗೇನೂ ಬರವಿಲ್ಲ. ವರ್ಷದ ಫೀಸನ್ನು ಮಾತ್ರ ಒಟ್ಟಿಗೆ ಕಟ್ಟಬೇಡಿ. ತಿಂಗಳಿಗೋ ಮೂರು ತಿಂಗಳಿಗೋ ತೆಗೆದುಕೊಳ್ಳುವವರಲ್ಲಿ ಸೇರಿಸಿ, ಹೊಂದಿಕೆಯಾಗದಿದ್ದರೆ ಬಿಡಿಸಿ.