ಕೆಲಸದ ಕ್ರಮ, ವಾಕ್ಯದ ಕ್ರಮ: ಕಾರಿನ ಗಾಳಿಶೋಧಕ ಬದಲಿಸುವ ಪಾಠ

ತರಗತಿ: 8
ಪಾಠದ ಬಗೆ: ಸೂಚನಾ ಗದ್ಯ
ಕಲಿಕಾ ಫಲ: ಕಣ್ಣಾರೆ ಕಂಡ ಕೆಲಸವೊಂದನ್ನು ಮತ್ತೊಬ್ಬರು ಓದಿ ತಪ್ಪಿಲ್ಲದೆ ಮಾಡುವಂತೆ ಕನ್ನಡದಲ್ಲಿ ಬರೆಯುವುದು.

ಪೀಠಿಕೆ

ಹೊಸೂರಿನ ಮಕ್ಕಳಿಗೆ ಯಂತ್ರ ಹೊಸದಲ್ಲ. ಟಿವಿಎಸ್ 50 ಮೊಪೆಡ್ 1980ರಲ್ಲಿ ಈ ಊರಿನ ಕಾರ್ಖಾನೆಯಿಂದಲೇ ಹೊರಬಂದಿತು. ಅಶೋಕ್ ಲೇಲ್ಯಾಂಡ್ ಲಾರಿಗಳೂ ಇಲ್ಲಿ ಸಿದ್ಧವಾಗುತ್ತವೆ. ಆದರೂ ಮನೆಯಲ್ಲಿ ಕನ್ನಡವಾಡುವ ಮಗು ಯಂತ್ರದ ಮಾತು ಬಂದೊಡನೆ ತಮಿಳಿಗೋ ಇಂಗ್ಲಿಷಿಗೋ ಹೊರಳುವುದುಂಟು. ಬಾನೆಟ್, ಕ್ಲಿಪ್, ಸ್ಕ್ರೂ ಎಂಬ ಪದಗಳು ಹೊರಗಿನಿಂದ ಬಂದರೆ ಕೇಡಿಲ್ಲ. ಆ ಪದಗಳನ್ನು ಹೊತ್ತು ನಿಲ್ಲುವ ಕನ್ನಡ ವಾಕ್ಯವನ್ನೇ ಕಟ್ಟಲಾಗದೆ ಹೋದರೆ, ಕನ್ನಡವು ಹಾಡಿಗೂ ಹಬ್ಬಕ್ಕೂ ಸಾಕು, ದುಡಿಮೆಗೆ ಒದಗದು ಎಂದು ಮಗು ತಾನಾಗಿ ತೀರ್ಮಾನಿಸುತ್ತದೆ. ಈ ತೀರ್ಮಾನವನ್ನು ತಡೆಯುವುದೇ ಪಾಠದ ಗುರಿ.

ವಿಷಯ ತಿಳಿವಳಿಕೆ

ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಅಷ್ಟು ಗಾಳಿಯೊಡನೆ ರಸ್ತೆಯ ಧೂಳೂ ಎಂಜಿನ್ನಿನತ್ತ ಹೊರಡುತ್ತದೆ. ಕೃಷ್ಣಗಿರಿ ಜಿಲ್ಲೆಯ ಕಲ್ಲುಗಣಿಗಳ ಆಸುಪಾಸಿನಲ್ಲಿ ಆ ಧೂಳು ಬರಿಯ ಮಣ್ಣಲ್ಲ, ಕಲ್ಲಿನ ನುಣ್ಣನೆಯ ಪುಡಿಯೂ ಹೌದು. ಅದು ಒಳಹೊಕ್ಕರೆ ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ನಿನ ಉಂಗುರಗಳನ್ನೂ ಉಜ್ಜಿ ಸವೆಸುತ್ತದೆ. ಅದನ್ನು ತಡೆಯುವುದು ಮಡಿಕೆ ಮಡಿಕೆಯಾದ ಒಂದು ಕಾಗದ. ಇದನ್ನೇ ಗ್ಯಾರೇಜಿನವರು ಏರ್ ಫಿಲ್ಟರ್ ಎನ್ನುತ್ತಾರೆ. ಪಾಠದಲ್ಲಿ ಗಾಳಿಶೋಧಕ ಎನ್ನಬಹುದು. ಅಡುಗೆಮನೆಯ ‘ಸೋಸು’ ಎಂಬ ಕ್ರಿಯಾಪದದಿಂದ ಆರಂಭಿಸಿದರೆ ಮಕ್ಕಳಿಗೆ ಅರ್ಥ ಕೂಡಲೇ ಹೊಳೆಯುತ್ತದೆ. ನೆರೆಯ ತಮಿಳು ಗೆಳೆಯನ ‘ವಡಿಕಟ್ಟಿ’ಯನ್ನೂ ಪಕ್ಕದಲ್ಲಿ ಬರೆಯಿಸಬಹುದು.

ಮಡಿಕೆ ಏಕೆ? ಉತ್ತರವನ್ನು ಮಕ್ಕಳೇ ಲೆಕ್ಕ ಹಾಕಲಿ. 20 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ಜಾಗದಲ್ಲಿ 3 ಸೆಂ.ಮೀ. ಎತ್ತರದ 40 ಮಡಿಕೆಗಳಿದ್ದರೆ, ಒಂದೊಂದು ಮಡಿಕೆಗೂ 6 ಸೆಂ.ಮೀ.ಯಂತೆ 240 ಸೆಂ.ಮೀ. ಕಾಗದ ಹಿಡಿಯುತ್ತದೆ. ಜಾಗ 400 ಚದರ ಸೆಂ.ಮೀ.; ಸೋಸುವ ಕಾಗದ 4,800 ಚದರ ಸೆಂ.ಮೀ., ಅಂದರೆ ಹನ್ನೆರಡು ಪಟ್ಟು.

ಶೋಧಕ ಕಟ್ಟಿಕೊಂಡರೆ ಎಂಜಿನ್ನಿಗೆ ಉಸಿರು ಸಾಲದೆ ಎಳೆತ ಕುಗ್ಗುತ್ತದೆ. ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂಬುದು ಆಯಾ ವಾಹನದ ಕೈಪಿಡಿಯಲ್ಲಿರುತ್ತದೆ. ಧೂಳಿನ ದಾರಿಯಲ್ಲಿ ಓಡುವ ವಾಹನಕ್ಕೆ ಅದಕ್ಕಿಂತ ಮೊದಲೇ ಬದಲಿಸಬೇಕಾಗುತ್ತದೆ.

ಕೆಲಸದ ಕ್ರಮ

1. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಅದು ತಣ್ಣಗಾಗುವವರೆಗೆ ಕಾಯಿರಿ.
2. ಬಾನೆಟ್ ಎತ್ತಿ, ಆಸರೆಯ ಸರಳನ್ನು ಭದ್ರವಾಗಿ ನಿಲ್ಲಿಸಿರಿ.
3. ದಪ್ಪ ಕೊಳವೆಯೊಂದು ಸೇರುವ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಗುರುತಿಸಿ, ಅದರ ಕ್ಲಿಪ್ಪು ಅಥವಾ ಸ್ಕ್ರೂಗಳನ್ನು ಬಿಚ್ಚಿರಿ.
4. ಮುಚ್ಚಳವನ್ನು ಮೆಲ್ಲನೆ ಎತ್ತಿರಿ. ಅದಕ್ಕೆ ಸೇರಿದ ತಂತಿಯನ್ನು ಎಳೆಯಬೇಡಿರಿ.
5. ಹಳೆಯ ಶೋಧಕ ಯಾವ ಮುಖವಾಗಿ ಕುಳಿತಿದೆಯೆಂದು ನೋಡಿಕೊಂಡು ಹೊರತೆಗೆಯಿರಿ.
6. ಪೆಟ್ಟಿಗೆಯ ಒಳಗನ್ನು ಒಣಬಟ್ಟೆಯಿಂದ ಒರೆಸಿರಿ. ಎಂಜಿನ್ನಿಗೆ ಹೋಗುವ ಕೊಳವೆಯೊಳಗೆ ಧೂಳು ಬೀಳಬಾರದು.
7. ಹೊಸ ಶೋಧಕವನ್ನು ಅದೇ ಮುಖವಾಗಿ ಇಟ್ಟು, ಅದರ ರಬ್ಬರ್ ಅಂಚು ಸುತ್ತಲೂ ಸರಿಯಾಗಿ ಕುಳಿತಿದೆಯೇ ಎಂದು ಬೆರಳಾಡಿಸಿ ನೋಡಿರಿ.
8. ಮುಚ್ಚಳ ಹಾಕಿ, ಬಿಚ್ಚಿದ ಎಲ್ಲ ಕ್ಲಿಪ್ಪುಗಳನ್ನೂ ಬಿಗಿದು, ಬಾನೆಟ್ ಇಳಿಸಿರಿ.

ಎಚ್ಚರಿಕೆ: ಕಾಗದದ ಶೋಧಕವನ್ನು ನೀರಿನಲ್ಲಿ ತೊಳೆಯಬಾರದು. ಶೋಧಕವಿಲ್ಲದೆ ಎಂಜಿನ್ ಓಡಿಸಬಾರದು. ವಿದ್ಯಾರ್ಥಿಗಳು ಹಿರಿಯರಿಲ್ಲದೆ ಬಾನೆಟ್ ತೆರೆಯಬಾರದು.

ಭಾಷಾಂಶ

ಅ) ಕನ್ನಡದಲ್ಲಿ ಕೆಲಸದ ಹಿಂದುಮುಂದನ್ನು ತಿಳಿಸುವುದು ‘ಎತ್ತಿ’, ‘ತೆಗೆದು’, ‘ಇಟ್ಟು’ ಮೊದಲಾದ ಕೃದಂತಾವ್ಯಯಗಳು. ಈ ಎರಡು ವಾಕ್ಯಗಳನ್ನು ಹಲಗೆಯ ಮೇಲೆ ಬರೆಯಬೇಕು:

‘ಪೆಟ್ಟಿಗೆಯನ್ನು ಒರೆಸಿ ಹೊಸ ಶೋಧಕವನ್ನು ಇಡಿರಿ.’
‘ಹೊಸ ಶೋಧಕವನ್ನು ಇಟ್ಟು ಪೆಟ್ಟಿಗೆಯನ್ನು ಒರೆಸಿರಿ.’

ವ್ಯಾಕರಣದಲ್ಲಿ ಎರಡೂ ಶುದ್ಧ. ಕೆಲಸದಲ್ಲಿ ಎರಡನೆಯದು ಕೆಟ್ಟದ್ದು. ಹೊಸ ಶೋಧಕದ ಕೆಳಗೆ ಹಳೆಯ ಧೂಳು ಹಾಗೆಯೇ ಉಳಿಯುತ್ತದೆ.

ಆ) ನಿಷೇಧದಲ್ಲಿ ಮೂರು ರೂಪಗಳನ್ನು ಬಿಡಿಸಿ ತೋರಿಸಬೇಕು. ‘ತೊಳೆಯಬೇಡಿ’ ಎಂಬುದು ಎದುರಿಗಿರುವವರಿಗೆ ಹೇಳುವ ಮಾತು. ‘ತೊಳೆಯಬಾರದು’ ಎಂಬುದು ಎಲ್ಲರಿಗೂ ಸಲ್ಲುವ ನಿಯಮ. ‘ತೊಳೆಯಬೇಕಾಗಿಲ್ಲ’ ಎಂದರೆ ತೊಳೆಯುವ ಅಗತ್ಯವಿಲ್ಲ, ತೊಳೆದರೂ ಕೇಡಿಲ್ಲ ಎಂಬ ಅರ್ಥ ಬರುತ್ತದೆ. ಇದನ್ನು ಓದಿದವನು ಹಣ ಉಳಿಸಲೆಂದು ಕಾಗದವನ್ನು ತೊಳೆದರೆ, ತಪ್ಪು ಬರೆದವನದು.

ಚಟುವಟಿಕೆ

ಶಿಕ್ಷಕರು ಗ್ಯಾರೇಜಿನಿಂದ ಹಳೆಯ ಶೋಧಕವೊಂದನ್ನು ತಂದು, ಧೂಳು ಹಾರದಂತೆ ಪಾರದರ್ಶಕ ಚೀಲದಲ್ಲಿಟ್ಟು ತೋರಿಸಬೇಕು. ಬಳಿಕ ಮಕ್ಕಳು ಇಬ್ಬಿಬ್ಬರಾಗಿ ಕೂರಲಿ. ಕ್ಲಿಪ್ಪಿರುವ ಊಟದ ಡಬ್ಬಿ ಗಾಳಿಪೆಟ್ಟಿಗೆಯಾಗಲಿ, ಮಡಿಕೆ ಮಾಡಿದ ಹಾಳೆ ಶೋಧಕವಾಗಲಿ. ಒಬ್ಬನು ಸೂಚನೆ ಬರೆಯಬೇಕು. ಮತ್ತೊಬ್ಬನು ಬರೆದದ್ದನ್ನಷ್ಟೇ ಓದಿ, ಏನನ್ನೂ ಊಹಿಸದೆ ಕೈಯಾಡಿಸಬೇಕು. ‘ಮುಚ್ಚಳ ಬಿಚ್ಚಿರಿ’ ಎಂದು ಬರೆಯದೆ ‘ಶೋಧಕ ತೆಗೆಯಿರಿ’ ಎಂದಿದ್ದರೆ ಕೈ ಅಲ್ಲಿಯೇ ನಿಲ್ಲುತ್ತದೆ. ಕೈ ನಿಂತ ಕಡೆ ವಾಕ್ಯವನ್ನು ತಿದ್ದಲಿ.

ಮೌಲ್ಯಮಾಪನ

ಮನೆಯ ಹಿರಿಯರು ಮಾಡುವ ಒಂದು ಕೆಲಸವನ್ನು, ಪಂಪಿನ ದುರಸ್ತಿಯಾಗಲಿ, ಸೈಕಲ್ಲಿನ ಪಂಕ್ಚರ್ ಆಗಲಿ, ಮಾವಿನ ಕಸಿಯಾಗಲಿ, ಎಂಟು ಸೂಚನೆಗಳಲ್ಲಿ ಬರೆದು ತರಲು ಹೇಳಬೇಕು. ಬರೆದುದನ್ನು ಆ ಹಿರಿಯರಿಗೇ ಓದಿ ಹೇಳಿ ತಿದ್ದಿಸಿಕೊಂಡು ಬರಲಿ. ಅಂಕ ಕೊಡುವಾಗ ಕಾಗುಣಿತಕ್ಕಿಂತ ಮೊದಲು ನೋಡಬೇಕಾದ ಪ್ರಶ್ನೆ ಒಂದೇ: ಇದನ್ನು ಓದಿದವರು ಕೆಲಸವನ್ನು ತಪ್ಪಿಲ್ಲದೆ ಮುಗಿಸಬಲ್ಲರೇ?